ಹಲ್ಲುನೋವಿನ ನೆಪದಲ್ಲಿ ಕೃಷ್ಣಗಿರಿಗೆ

ಉದ್ದನಪಲ್ಲಿಯಿಂದ ಬೆಳಗಿನ ಬಸ್ಸಿಗೆ ಹೊರಟೆವು, ನಾನು ಮತ್ತು ನನ್ನ ನಾದಿನಿ ಶೋಭಾ. ಅವಳ ಎದೆಯಲ್ಲೊಂದು ಗಂಟಿತ್ತು. ಹೊಸೂರಿನ ಆಸ್ಪತ್ರೆಗೆ ಹೋಗುವಂತಿಲ್ಲ. ಅಲ್ಲಿನ ಫ್ಯಾಕ್ಟರಿಗಳಲ್ಲಿ ಅರ್ಧ ಊರೇ ದುಡಿಯುತ್ತದೆ, ಯಾರ ಕಣ್ಣಿಗಾದರೂ ಬಿದ್ದರೆ ನಿಶ್ಚಯವಾದ ಮದುವೆ ಮುರಿಯುತ್ತದೆಂದು ನಮ್ಮತ್ತೆಯ ಹೆದರಿಕೆ. "ಯಾರ್ ಕೇಳಿದ್ರೂ ಹಲ್ಲುನೋವು ಅನ್ನಿ" ಎಂದು ಆಣೆ ಮಾಡಿಸಿಕೊಂಡೇ ಕಳಿಸಿದ್ದರು. ವಾರಗಟ್ಟಲೆ ಆ ಗಂಟಿಗೆ ಸುಣ್ಣ ಬೆಲ್ಲ ಕಲಸಿ ಹಚ್ಚಿದವರೂ ಅವರೇ. ಕುರುವಿಗೆ ಹಚ್ಚುವ ಹಾಗೆ! ಚರ್ಮ ಸುಟ್ಟು ಹುಡುಗಿ ರವಿಕೆ ತೊಡಲಾರದೆ ಅಳುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಗಿತ್ತು.

ಬಸ್ಸಿನಲ್ಲಿ ನಮ್ಮ ಹಿಂದಿನ ಬೀದಿಯ ಮುನಿರತ್ನಮ್ಮ ಸಿಕ್ಕರು.

"ಯಾಕಮ್ಮ, ಮೊಕ ಬಾಡೋಗೈತೆ?"

"ಹಲ್ಲುನೋವು" ಎಂದಳು ಶೋಭಾ.

ಅವರು ಎಲೆಅಡಿಕೆ ಚೀಲ ಬಿಚ್ಚಿ ಲವಂಗ ಕೊಟ್ಟರು. ಕ್ಯಾನ್ಸರೋ ಏನೋ ಎಂದು ಜೀವ ಕೈಯಲ್ಲಿ ಹಿಡಿದು ಕೂತವಳು ರಾಯಕೋಟೆವರೆಗೂ ಆ ಲವಂಗ ಕಚ್ಚಿಕೊಂಡಿರಬೇಕಾಯಿತು. ಮುನಿರತ್ನಮ್ಮ ಅಲ್ಲಿ ಟೊಮೆಟೊ ಮಂಡಿಗೆ ಇಳಿದರು.

ಕೃಷ್ಣಗಿರಿಯಲ್ಲಿ ಹೆದ್ದಾರಿ ಅಗಲ ಮಾಡುತ್ತಿದ್ದರು. ಬಿಸಿಲು, ಧೂಳೋ ಧೂಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸುಟ್ಟ ಚರ್ಮ ನೋಡಿ ತಮಿಳಿನಲ್ಲಿ ನನ್ನನ್ನೇ ಬೈದರು. ಬೈಸಿಕೊಂಡೆ. ಗಂಟು ನುಣುಪಾಗಿದೆ, ಬೆರಳಿಗೆ ಸಿಗದೆ ಜಾರುತ್ತದೆ, ಒಳ್ಳೆಯ ಲಕ್ಷಣ ಎಂದರು. ಆದರೆ ಮುಟ್ಟಿ ನೋಡಿದ್ದಷ್ಟೇ ಸಾಲದೆಂದು ಸ್ಕ್ಯಾನ್ ಮಾಡಿಸಿ, ಸಣ್ಣ ಸೂಜಿಯಿಂದ ಗಂಟಿನೊಳಗಿನ ಜೀವಕೋಶ ತೆಗೆದು ಲ್ಯಾಬಿಗೆ ಕಳಿಸಿದರು. ಮಧ್ಯಾಹ್ನವೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕೂತೆವು. ಸಂಜೆ ಕರೆದು ಹೇಳಿದರು: ಫೈಬ್ರೋಅಡಿನೋಮಾ. ಹರೆಯದ ಹುಡುಗಿಯರಲ್ಲಿ ಕಾಣುವ ಸಾಧಾರಣ ಗಂಟು, ಕ್ಯಾನ್ಸರ್ ಅಲ್ಲ. ದೊಡ್ಡದಾಗುತ್ತದೆಯೇ ಎಂದು ಆರು ತಿಂಗಳಿಗೊಮ್ಮೆ ತೋರಿಸಿ, ಸಾಕು. ಶೋಭಾ ನನ್ನ ಸೆರಗು ಹಿಡಿದು ಅತ್ತಳು.

ವಾಪಸ್ ಬರುವಾಗ ರಾಯಕೋಟೆಯಲ್ಲಿ ಮುನಿರತ್ನಮ್ಮ ಮತ್ತೆ ಹತ್ತಿದರು. "ಹಲ್ಲು ಕಿತ್ಬುಟ್ರಾ?"

ಥೂ, ಒಳ್ಳೆಯ ಸುದ್ದಿಯನ್ನೂ ಬಚ್ಚಿಡಬೇಕೇ ಎಂದು ಹಲ್ಲು ಕಡಿದು ಕೂತೆ. ಶೋಭಾಳೇ ಬಾಯಿಬಿಟ್ಟಳು.

"ಹಲ್ಲಲ್ಲ ದೊಡ್ಡಮ್ಮ. ಎದೇಲಿ ಗಂಟು. ಜಾರ್ತೈತೆ, ಸೂಜೀಲೂ ನೋಡವ್ರೆ, ಏನೂ ಭಯ ಇಲ್ವಂತೆ."

ಮುನಿರತ್ನಮ್ಮ ಅತ್ತಿತ್ತ ನೋಡಿದರು. ಆಮೇಲೆ ನನ್ನ ಕಡೆ ಬಾಗಿದರು.

"ನಂದು ಜಾರಾಕಿಲ್ಲ ಕಣಮ್ಮ. ಕಲ್ಲಂಗೆ ಕಚ್ಕೊಂಡೈತೆ. ವರ್ಸದ ಮ್ಯಾಗಾಯ್ತು, ನಾನೂ ಸುಣ್ಣ ಬೆಲ್ಲಾನೇ ಹಚ್ತಾ ಇವ್ನಿ."

ನಾನು ಅವರ ಕೈ ಹಿಡಿದುಕೊಂಡೆ. ನಾಳೆಯೇ ನನ್ನ ಜೊತೆ ಬರಬೇಕು, ಒಂದು ದಿನವೂ ತಡ ಮಾಡಬಾರದು ಎಂದೆ.

"ಬತ್ತೀನಿ. ಮನೇಲಿ ಏನಂತ ಹೇಳ್ಲಿ?"

ಇವರಿಗೂ ಅದೇ ಸುಳ್ಳು ಬೇಕೇ ಎಂದು ಸಿಟ್ಟು ಬಂತು. "ಹಲ್ಲುನೋವು ಅನ್ನಿ" ಎಂದೆ.