ಕಣ್ಣಾರೆ ಕಂಡ ಗೈಡ್

ಗುರಲಿಂಗಪ್ಪನನ್ನು ಆ ಬಸ್ಸಿಗೆ ಕಟ್ಟಿಹಾಕಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಡುವೆ ಎಲ್ಲೋ ಹೇಳೋಣವೆಂದು ಇಟ್ಟುಕೊಂಡರೆ ನನ್ನಂಥವನು ಅದನ್ನು ಜಾರಿಸಿಬಿಡುತ್ತಾನೆ.

ಬಂಬಯಿಯ ಫೋರ್ಟಿನ ಒಂದು ಓಣಿಯಲ್ಲಿ ನಮ್ಮ ಸೇಠನ ಟೂರಿಸ್ಟ್ ಕಂಪನಿ ಇತ್ತು. ಕಂಪನಿ ಅಂದರೆ ಎರಡು ಬಸ್ಸು, ಒಂದು ಮೇಜು, ಮೇಜಿನ ಹಿಂದೆ ತುಮಕೂರು ಕಡೆಯಿಂದ ಬಂದ ಹಿರಿಯಣ್ಣ ಎಂಬ ಬುಕಿಂಗ್ ಕ್ಲಾರ್ಕು. ಆ ಹಿರಿಯಣ್ಣ ನಾನು. ಗುರಲಿಂಗಪ್ಪ ಬಿಜಾಪುರ ಜಿಲ್ಲೆಯ ಇಂಡಿ ತಾಲೂಕಿನವನು. ಮನೆ ಧಾರಾವಿಯಲ್ಲಿ, ಕೆಲಸ ಬಸ್ಸು ತೊಳೆಯುವುದು. ಬಸ್ಸು ತೊಳೆಯುತ್ತ ಅದರ ಜೊತೆಗೂ ಮಾತಾಡುವ ಮನುಷ್ಯ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಆ ಮಾತು ಅವನನ್ನು ನೋಡಿಯೇ ಹುಟ್ಟಿರಬೇಕು ಎಂದು ನಾನು ಚುಡಾಯಿಸುತ್ತಿದ್ದೆ.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧವಾಯಿತು. ಊರೆಲ್ಲ ಕಿಟಕಿಗೆ ಕಪ್ಪು ಕಾಗದ ಅಂಟಿಸಿಕೊಂಡು ಹದಿನೈದು ದಿನ ಕೂತಿತು. ಅದು ಮುಗಿದ ಮೇಲೆ ಜನಕ್ಕೆ ಯುದ್ಧದ ಮಾತು ಬಾಯಿಗೆ ರುಚಿ ಹತ್ತಿತು, ಸೇಠನಿಗೆ ಅದರ ವಾಸನೆ ಹತ್ತಿತು. ಭಾನುವಾರದ ಟೂರಿಗೆ ‘ಯುದ್ಧದ ಬಂಬಯಿ’ ಎಂದು ಹೆಸರಿಟ್ಟ. ಗೇಟ್‌ವೇ, ಮಲಬಾರ್ ಹಿಲ್, ಹಾಜಿ ಅಲಿ ಇದ್ದೇ ಇದ್ದವು. ಅವುಗಳ ಜೊತೆಗೆ ಕೊಲಾಬದ ಅಫ್ಘನ್ ಚರ್ಚು, ನೌಕಾಪಡೆಯ ಹುಡುಗರು ಬ್ರಿಟಿಷರ ಮೇಲೆ ತಿರುಗಿಬಿದ್ದ ಗೇಟು, ಭಾಯಖಳಾದಲ್ಲಿ ಬೆಂಕಿ ಆರಿಸಲು ಹೋಗಿ ಸತ್ತವರ ಸ್ಮಾರಕ, ಕೊನೆಗೆ ಗೋದಿಯ ಗೋಡೆ. ಗೋದಿ ಅಂದರೆ ಇಲ್ಲಿನವರ ಬಾಯಲ್ಲಿ ಹಡಗುಕಟ್ಟೆ. ನಲವತ್ತನಾಲ್ಕನೇ ಇಸವಿ ಏಪ್ರಿಲ್ ಹದಿನಾಲ್ಕರಂದು ಅಲ್ಲಿ ಮದ್ದುಗುಂಡು ತುಂಬಿದ ಹಡಗೊಂದು ಸಿಡಿದು ನೂರಾರು ಜನ ಸತ್ತಿದ್ದರು. ಒಳಗೆ ಬಿಡುವುದಿಲ್ಲ. ಬಸ್ಸು ರಸ್ತೆಯಲ್ಲಿ ನಿಲ್ಲಿಸಿ ಗೋಡೆ ತೋರಿಸುವುದು.

ಎಪ್ಪತ್ತೆರಡರಲ್ಲಿ ಒಂದು ಭಾನುವಾರ ಗ್ರಾಂಟ್ ರೋಡಿನ ಕನ್ನಡ ಸಂಘದವರು ಇಡೀ ಬಸ್ಸು ಹಿಡಿದಿದ್ದರು. ಗೈಡ್ ಬರಲಿಲ್ಲ. ನಾನು ಗುರಲಿಂಗಪ್ಪನ ಕೈಗೆ ಮೈಕು ಕೊಟ್ಟೆ. ಸಂಜೆ ಬಸ್ಸಿನಿಂದ ಇಳಿದವರ ಕಣ್ಣೆಲ್ಲ ಒದ್ದೆ. ಸ್ಫೋಟದ ದಿನ ತಾನು ಆ ಗೋದಿಯಲ್ಲಿ ಹಮಾಲಿ ಮಾಡುತ್ತಿದ್ದೆ, ಬೆಂಕಿಯೊಳಗಿನಿಂದ ಮೂವರನ್ನು ಎಳೆದು ತಂದೆ, ನಾಲ್ಕನೆಯವನ ಕೈ ಹಿಡಿದಾಗ ಮೇಲಿನಿಂದ ತೊಲೆ ಬಿತ್ತು ಎಂದು ಹೇಳಿದ್ದ. ಯಾರೋ ಮುದುಕರು, ಆ ನಾಲ್ಕನೆಯವನ ಹೆಸರೇನಪ್ಪಾ ಎಂದು ಕೇಳಿದರಂತೆ. ಗುರಲಿಂಗಪ್ಪ ತಡವರಿಸದೆ, ‘ಚಂದ್ರಾಮ’ ಎಂದನಂತೆ. ಬಿಜಾಪುರದ ಕಡೆ ಓಣಿಗೊಬ್ಬ ಚಂದ್ರಾಮ ಇರುತ್ತಾನೆ. ಬಾಯಿಗೆ ಬಂದ ಹೆಸರು.

ಮಾರನೆಯ ವಾರವೇ ನಾನು ಪೇಂಟರನ್ನು ಕರೆಸಿ ಬೋರ್ಡಿನ ಮೇಲೆ ಬರೆಸಿದೆ: ‘ಕಣ್ಣಾರೆ ಕಂಡ ಗೈಡ್.’ ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ.

ತಿಂಗಳೊಳಗೆ ಅವನು ನನ್ನನ್ನು ಪಕ್ಕದ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋಗಿ ಎದುರು ಕೂತ.

“ಹಿರಿಯಣ್ಣನವರ, ಹಮಾಲಿ ಮಾಡ್ತಿದ್ದದ್ದು ಖರೇರಿ. ಆದ್ರ ನಾ ಯಾರನ್ನೂ ಎಳದಿಲ್ಲ. ಚಾ ಕುಡಿಯಾಕ ಹೊರಗ ಬಂದಿದ್ನಿ. ಧಡಲ್ ಅಂತು. ಓಡಿದ್ನಿ. ಬೋರಿಬಂದರ ಟೇಶನ್ನಿಗೆ ಹೋಗಿ ಸೊಲ್ಲಾಪುರ ಗಾಡಿ ಹತ್ತಿದ್ನಿ. ನಾ ಕಣ್ಣಾರೆ ಕಂಡದ್ದು ನನ್ನ ಮುಂದ ಓಡೋರ ಬೆನ್ನು ಅಷ್ಟ. ನನ್ನ ಟೋಳ್ಯಾಗಿನ ಆರು ಮಂದಿ ಹಮಾಲರು ಒಳಗ ಉಳದ್ರು. ಇನ್ನ ಮ್ಯಾಲ ಇದು ನನ್ನ ಕೈಲೆ ಆಗೂದಿಲ್ಲರಿ.”

“ಅಯ್ಯೋ, ಕತೆ ತಾನೆ ಗುರಲಿಂಗಪ್ಪ? ಯಾರಿಗೇನು ನಷ್ಟ? ಹೇಳ್ಬಿಡಿ,” ಎಂದೆ.

ಹೀಗೆ ಐದು ವರ್ಷ ಹೇಳಿದ. ಬಿಡೋಣವೆಂದರೆ ಸೇಠ ಬಿಡ. ಸೇಠನನ್ನು ಬಿಟ್ಟರೆ ಧಾರಾವಿ ಬಿಡದು. ಅಲ್ಲಿನ ಕನ್ನಡ ಶಾಲೆಯವರು ಪ್ರತಿ ಆಗಸ್ಟ್ ಹದಿನೈದಕ್ಕೆ ಅವನಿಗೆ ಹಾರ ಹಾಕುತ್ತಿದ್ದರು. ಹೆಂಡತಿ ಕಸ್ತೂರಿಬಾಯಿ ಆ ಫೋಟೋಗೆ ಕಟ್ಟು ಹಾಕಿಸಿ ದೇವರ ಪಕ್ಕದಲ್ಲೇ ತೂಗುಹಾಕಿದ್ದಳು. ಅವಳಿಗೂ ನಿಜ ಗೊತ್ತಿರಲಿಲ್ಲ. ಭಾನುವಾರ ಬಂತೆಂದರೆ ಅವನಿಗೆ ಹೊಟ್ಟೆ ನೋವು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಪಾಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಾನು ಓಮದ ನೀರು ತರಿಸಿಕೊಟ್ಟು ಬಸ್ಸು ಹತ್ತಿಸುತ್ತಿದ್ದೆ.

ಎಪ್ಪತ್ತೇಳರ ಮೇ ತಿಂಗಳು. ಭಾನುವಾರ ಬೆಳಗ್ಗೆ ನನ್ನ ಮೇಜಿನ ಮುಂದೆ ಇಬ್ಬರು ಬಂದು ನಿಂತರು. ಒಬ್ಬ ತಲೆಗೆ ಪಟಗ ಸುತ್ತಿದ ಗಂಡಸು. ಅವನ ಹಿಂದೆ ಇಳಕಲ್ಲ ಸೀರೆಯ ಹೆಂಗಸು, ಐವತ್ತರ ಹತ್ತಿರದವಳು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ.

“ಸಿಂದಗಿ ಕಡೆಯಿಂದ ಬಂದೀವ್ರಿ. ನಾ ನಿಂಗಣ್ಣ. ಇವರು ನಮ್ಮ ಅತ್ತಿಗಿ, ಹನುಮವ್ವ. ನಮ್ಮಣ್ಣ ಚಂದ್ರಾಮ ಇಲ್ಲೇ ಗೋದ್ಯಾಗ ಹಮಾಲಿ ಮಾಡ್ತಿದ್ದ. ಜಹಾಜ ಒಡದ ದಿನದಿಂದ ಸುದ್ದಿ ಇಲ್ಲ. ಇಲ್ಲಿ ಗ್ವಾಡಿ ಕಟ್ಟೂ ನಮ್ಮೂರ ಗೌಂಡಿ ಒಬ್ಬ ನಿಮ್ಮ ಬಸ್ಸಿನಾಗ ಕುಂತಿದ್ನಂತ. ನಮ್ಮಣ್ಣನ ಕೈ ಹಿಡದಾಂವ ಇಲ್ಲಿ ಅದಾನಂತಲ್ರಿ?”

ಹನುಮವ್ವ ಮುಂದೆ ಬಂದಳು.

“ಹೆಣ ಸಿಗಲಿಲ್ಲರಿ. ಕಣ್ಣಾರೆ ಕಂಡಾಂವ ಒಬ್ಬ ಬಂದು ಹೇಳೂ ತನಕ ತಾಳಿ ತಗೀಬ್ಯಾಡ ಅಂದ್ರು ನಮ್ಮೂರ ದೈವದವರು. ಮೂವತ್ತಮೂರು ವರ್ಷ ಆತು. ಉಡಿ ತುಂಬಾಕ ಬಂದಾಕಿ ನನ್ನ ಮುಂದ ಬಂದ ಕೂಡ್ಲೆ ಕೈ ತಡೀತಾಳ, ತುಂಬಬೇಕೋ ಬ್ಯಾಡೋ ಅಂತ. ಮಗಳ ಲಗ್ನಕ್ಕ ಹಂದರದ ಹೊರಗ ನಿಂತ್ನಿ. ಮುಂದಿನ ತಿಂಗಳ ಮೊಮ್ಮಗಳ ಲಗ್ನ. ಮುತ್ತೈದಿ ಅಂದ್ರ ಮುತ್ತೈದಿ, ರಂಡಿ ಅಂದ್ರ ರಂಡಿ. ಏನಾರ ಒಂದು ಆಗಬೇಕ್ರಿ ನಾನು.”

ದೈವ ಎಂದರೆ ಅವರ ಊರಿನ ಹಿರಿಯರ ಕೂಟ. ಆಗಲೇ ನಾನು ನಿಜ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಎರಡು ಟಿಕೆಟ್ ಹರಿದು, ಅವಳಿಗೆ ಎಲ್ಲರಿಗಿಂತ ಮುಂದಿನ ಸೀಟು ಕೊಟ್ಟೆ. ಹೇಡಿಗಳು ಯಾವಾಗಲೂ ಇಂಥ ಸಣ್ಣ ಉಪಕಾರ ಮಾಡುತ್ತಾರೆ.

ಗುರಲಿಂಗಪ್ಪನನ್ನು ಬಸ್ಸಿನ ಹಿಂದಕ್ಕೆ ಕರೆದು ವಿಷಯ ತಿಳಿಸಿದಾಗ ಅವನು ಟಯರಿನ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟ.

“ನಾ ಇವತ್ತ ಹತ್ತೂದಿಲ್ಲರಿ.”

“ಮೂವತ್ತೆರಡು ಜನ ಕೂತಿದ್ದಾರೆ. ಬೋರ್ಡಿನ ಮೇಲೆ ‘ಕಣ್ಣಾರೆ ಕಂಡ ಗೈಡ್’ ಅಂತ ಬರೆಸಿದೆ. ನೀವು ಬರದಿದ್ದರೆ ಆ ಹೆಂಗಸು ನಿಮ್ಮ ಮನೆಗೇ ಬರ್ತಾಳೆ,” ಎಂದೆ. ಅದು ನಿಜವೂ ಆಗಿತ್ತು. ಅವನು ಎದ್ದ. ಅವತ್ತು ನನಗೂ ಮೇಜಿನ ಹಿಂದೆ ಕೂರಲಾಗಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ನಾನೂ ಹೊರಟೆ.

ಗೈಡ್ ನಿಲ್ಲುವ ಜಾಗ ಡ್ರೈವರಿನ ಪಕ್ಕದಲ್ಲಿ, ಜನರ ಕಡೆ ಮುಖ ಮಾಡಿ. ಅವನ ಮೊಣಕಾಲಿಗೂ ಹನುಮವ್ವನ ಮೊಣಕಾಲಿಗೂ ನಡುವೆ ಒಂದು ಗೇಣು. ಗೇಟ್‌ವೇ ಬಂತು, ಎಲ್ಲರ ಕತ್ತೂ ಕಿಟಕಿಯತ್ತ ಹೊರಳಿತು. ಅವಳದು ಹೊರಳಲಿಲ್ಲ. ಚರ್ಚು ಬಂತು, ಸಮುದ್ರ ಬಂತು. ಅವಳು ಅವನ ಮುಖ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅವನು ಬೆವರು ಒರೆಸಿಕೊಂಡು ಒರೆಸಿಕೊಂಡು ಮಾತಾಡಿದ. ಮಲಬಾರ್ ಹಿಲ್ಲಿನ ತೋಟದಲ್ಲಿ ಗಿಡಗಳನ್ನು ಆನೆ, ಒಂಟೆಯ ಹಾಗೆ ಕತ್ತರಿಸಿರುತ್ತಾರಲ್ಲ, ಒಂದೊಂದು ಪ್ರಾಣಿಯ ಮುಂದೂ ನಿಂತು ಪುರಾಣ ಹೇಳಿದ. ಬೂಟಿನ ಆಕಾರದ ಮನೆಯ ಹತ್ತಿರ, ಇನ್ನೊಂದು ಸಲ ಹತ್ತಿ ಬರ್ರಿ, ಅವಸರ ಇಲ್ಲ ಎಂದು ದೊಡ್ಡವರನ್ನೂ ಹತ್ತಿಸಿದ. ಬಿಸಿಲಿಗೆ ಜನ ಗೊಣಗತೊಡಗಿದರು. ಎಷ್ಟು ಎಳೆದರೂ ಊರು ಮುಗಿಯುತ್ತದೆ. ಹಾಜಿ ಅಲಿ ಮುಗಿಯಿತು, ಭಾಯಖಳಾ ಮುಗಿಯಿತು. ನಾಲ್ಕು ಗಂಟೆಯ ಹೊತ್ತಿಗೆ ಬಸ್ಸು ಗೋದಿಯ ಗೋಡೆಯ ಪಕ್ಕ ನಿಂತಿತು.

ಅವನು ಮೈಕು ಬಾಯಿಯ ಹತ್ತಿರ ತಂದ. ಇಸವಿ ಹೇಳಿದ, ತಾರೀಖು ಹೇಳಿದ. ಮುಂದಕ್ಕೆ ಹೋಗಲಿಲ್ಲ.

ನಿಂಗಣ್ಣ ಎದ್ದು ನಿಂತ. “ನಮ್ಮಣ್ಣಗ ಎಡಗೈ ಮ್ಯಾಲ ಬಸವಣ್ಣನ ಹಚ್ಚಿ ಇತ್ತು. ನೋಡಿದ್ಯಲ್ಲ ಗುರಲಿಂಗಣ್ಣ? ನೀ ಹಿಡದಿದ್ದು ಆ ಕೈನ ಹೌದಲ್ಲ?”

ಪಾಪ, ಅವನೂ ದಾರಿ ಮಾಡಿಕೊಡುತ್ತಿದ್ದ. ಹೂಂ ಅಂದರೆ ಮುಗಿಯಿತು. ಅವಳು ಬಳೆ ಒಡೆದುಕೊಂಡು ಅತ್ತು ಊರಿಗೆ ಹೋಗುತ್ತಾಳೆ, ಇವನು ಮಾತಿನಿಂದ ಬದುಕಿಕೊಳ್ಳುತ್ತಾನೆ. ಹಿಂದಿನ ಸೀಟಿನಲ್ಲಿ ಕೂತು ನಾನೂ ಹೂಂ ಅನ್ನು, ಹೂಂ ಅನ್ನು ಎಂದು ತಲೆಯಾಡಿಸುತ್ತಿದ್ದೆ. ಅವನು ನನ್ನನ್ನು ನೋಡಿದ. ಆಮೇಲೆ ಅವಳ ಕಡೆಗೆ ತಿರುಗಿದ.

“ಯವ್ವಾ, ನಾ ಯಾರ ಕೈನೂ ಹಿಡೀಲಿಲ್ಲ. ಓಡಿ ಹೋದ್ನಿ.”

ಮೈಕು ಕೈಯಲ್ಲೇ ಇತ್ತು. ಆ ಮಾತು ಹಿಂದಿನ ಸೀಟಿನವರೆಗೂ ದೊಡ್ಡದಾಗಿ ಕೇಳಿಸಿತು. ಯಾರೋ, ‘ಥೂ!’ ಅಂದರು. ನಿಂಗಣ್ಣ ಅವನ ಅಂಗಿಗೆ ಕೈ ಹಾಕಿದ. “ಹಲ್ಕಟ್! ಮತ್ತ ಹೆಸರ ಹೆಂಗ ಹೇಳಿದೀ?”

“ಬಾಯಿಗೆ ಬಂದದ್ದು ಹೇಳಿದ್ನಿ. ಹೊಡೀರಿ ನನ್ನ.”

“ಬಿಡೋ ನಿಂಗಣ್ಣ,” ಎಂದಳು ಹನುಮವ್ವ. ದನಿ ಏರಿಸಲಿಲ್ಲ. ಗುರಲಿಂಗಪ್ಪನನ್ನು ಕೇಳಿದಳು: “ಅಣ್ಣಾ, ನಿನ್ನಾಂಗ ಓಡಿದವರು ಭಾಳ ಮಂದಿ ಇದ್ದರೇನು?”

ಈ ಪ್ರಶ್ನೆ ಬರುತ್ತದೆಂದು ನಾವ್ಯಾರೂ ಎಣಿಸಿರಲಿಲ್ಲ.

“ಭಾಳ ಮಂದಿ ಯವ್ವಾ. ಬೋರಿಬಂದರದಾಗ ಕಾಲಿಡಾಕ ಜಾಗ ಇರಲಿಲ್ಲ.”

“ಎಲ್ಲಾರೂ ತಿರುಗಿ ತಮ್ಮ ತಮ್ಮ ಮನೀಗಿ ಹೋದ್ರೇನು?”

“ಹೋದ್ರು. ಕೆಲವರು ಹೋಗಲಿಲ್ಲ. ಸತ್ತೀನಿ ಅಂತ ತಿಳ್ಕೊಂಡ್ರ ಛಲೋ ಆತು ಅಂತ ಬ್ಯಾರೆ ಕಡೆ ಸಂಸಾರ ಹೂಡಿದವರನ್ನ ನಾ ನೋಡೀನಿ.”

ಅವಳು ಹೊರಗಿನ ಗೋಡೆಯನ್ನು ಅವತ್ತು ಮೊದಲ ಸಲ ನೋಡಿದಳು. ಆಮೇಲೆ ಬಗ್ಗಿ ಎರಡೂ ಕಾಲಿನ ಬೆರಳುಗಳಿಂದ ಉಂಗುರ ತೆಗೆಯತೊಡಗಿದಳು. ಬೆರಳು ಬಾತಿದ್ದವು, ಸುಲಭಕ್ಕೆ ಬರಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಅದನ್ನೇ ನೋಡುತ್ತಿದ್ದೆವು. ಕಾಲುಂಗುರ ಬಂದವು. ತಾಳಿಯನ್ನು ತಲೆಯ ಮೇಲಿಂದ ತೆಗೆದಳು. ಎಲ್ಲವನ್ನೂ ನಿಂಗಣ್ಣನ ಅಂಗೈಯಲ್ಲಿ ಹಾಕಿದಳು.

“ಹಿಡಿ. ಇದು ನಿಮ್ಮ ಮನೀದು. ಕುಂಕುಮ, ಬಳಿ ನನ್ನ ತವರಮನಿದು, ಹುಟ್ಟಿದಾಗಿಂದ ಬಂದದ್ದು. ಅದು ಇರ್ತೈತಿ.”

“ಅತ್ತಿಗಿ, ಏನ್ ಮಾಡಾಕತ್ತೀ? ಇಂವ ಕಂಡಿಲ್ಲಂದ! ದೈವದವರು ಕೇಳಿದ್ರ ಸಾಕ್ಷಿ ಯಾರು?”

“ನಾನ ಸಾಕ್ಷಿ. ಅಂವ ಸತ್ತದ್ದನ್ನ ಯಾರೂ ಕಂಡಿಲ್ಲ. ಮೂವತ್ತಮೂರು ವರ್ಷ ಅಂವ ಬರಲಿಲ್ಲ, ಅದನ್ನ ನಾ ದಿನಾ ಕಂಡೀನಿ. ದೈವದವರಿಗೆ ನಾನ ಹೇಳ್ತೀನಿ ನಡಿ.”

ಅವಳು ಬಸ್ಸಿನಿಂದ ಇಳಿದಳು. ಫೋರ್ಟಿಗೇ ಹೋಗುತ್ತದೆ, ಕೂತುಕೊಳ್ಳಿ ಎಂದು ನಾನು ಕೂಗಿದೆ. ಅವಳು ಹಿಂತಿರುಗಿ ನೋಡಲಿಲ್ಲ. ನಿಂಗಣ್ಣ ಮುಷ್ಟಿ ಬಿಗಿದುಕೊಂಡು ಅವಳ ಹಿಂದೆ ಓಡಿದ. ಗುರಲಿಂಗಪ್ಪನೂ ಒಂದು ಮೆಟ್ಟಿಲು ಇಳಿದ. ಡ್ರೈವರು ಹಾರ್ನ್ ಹೊಡೆದ. ಮಿಕ್ಕವರು ನೋಡುತ್ತಿದ್ದರು. ಅವನು ಮತ್ತೆ ಮೇಲೆ ಹತ್ತಿ ತನ್ನ ಜಾಗದಲ್ಲಿ, ನಮ್ಮೆಲ್ಲರ ಕಡೆ ಮುಖ ಮಾಡಿ ನಿಂತ. ಫೋರ್ಟ್ ಬರುವವರೆಗೆ ಹಾಗೆಯೇ ನಿಂತಿದ್ದ.

ಕೆಲಸ ಹೋಯಿತೆಂದೇ ನಾನು ತಿಳಿದೆ. ಅವನಿಗೂ ಅದೇ ಬೇಕಿತ್ತೇನೋ. ಆ ರಾತ್ರಿಯೇ ಕಸ್ತೂರಿಬಾಯಿಗೆ ಎಲ್ಲ ಹೇಳಿದ. ಅವಳು ಫೋಟೋ ಇಳಿಸಿ ಟ್ರಂಕಿಗೆ ಹಾಕಿದಳಂತೆ. ಸೋಮವಾರ ಅವನು ಬಕೆಟ್ಟು, ಬಟ್ಟೆ ಹಿಡಿದು ಬಸ್ಸು ತೊಳೆಯಲು ಬಂದ. ಎಷ್ಟೋ ವರ್ಷದ ಮೇಲೆ ಅವನ ಮುಖ ಹಗುರಾಗಿ ಕಂಡಿತು.

ಡ್ರೈವರಿನ ಬಾಯಿಂದ ಸೇಠನಿಗೆ ಸುದ್ದಿ ಮುಟ್ಟಿತು. ಸೇಠ ನನ್ನ ಮೇಜಿಗೆ ಬಂದು, ಕಣ್ಣರಳಿಸಿ, “ಅರೆ ಹಿರಿಯಣ್ಣಾ, ಯೇ ತೋ ಪೆಹಲೇವಾಲೇ ಸೆ ಭೀ ಅಚ್ಛಾ ಹೈ! ಔರತ್ ಕಾ ಪೂರಾ ಕಿಸ್ಸಾ ಬೋಲನೇ ಕಾ, ಹರ್ ಇತವಾರ್,” ಎಂದ. ಮೊದಲಿನ ಕತೆಗಿಂತ ಇದೇ ಚೆನ್ನಂತೆ, ಪ್ರತಿ ಭಾನುವಾರ ಇದನ್ನೇ ಹೇಳಬೇಕಂತೆ: ಓಡಿಹೋದ ಹಮಾಲ, ತಾಳಿ ತೆಗೆದ ಹೆಂಗಸು. ಆಗಲೇ ಜನ ಬಂದು ಆ ಬಸ್ಸಿನ ಟಿಕೆಟ್ ಕೇಳಲು ಶುರುಮಾಡಿದ್ದರು.

ನಾನು ಹೋಗಿ ಗುರಲಿಂಗಪ್ಪನಿಗೆ ಹೇಳಿದೆ. ಅವನು ಒದ್ದೆ ಬಟ್ಟೆ ಹಿಂಡಿ ಬಸ್ಸಿನ ಬಾಗಿಲ ಮೇಲೆ ಹಾಕಿದ.

“ಬೇಡ ಅನ್ನಿ. ಈ ಸಲ ನಾನೂ ನಿಮ್ಮ ಜೊತೆ ನಿಲ್ತೀನಿ,” ಎಂದೆ. ಆ ಗಳಿಗೆಯಲ್ಲಿ ಆ ಮಾತು ನಿಜವಾಗಿಯೂ ನನ್ನ ಮನಸ್ಸಿನಲ್ಲಿತ್ತು.

“ಏನಂತ ಬ್ಯಾಡ ಅನ್ನಲಿ ಹಿರಿಯಣ್ಣನವರ?” ಎಂದ. “ಸುಳ್ಳ ಹೇಳೂ ಮುಂದ, ಇದು ಸುಳ್ಳು, ಒಂದಿನ ಬಿಡ್ತೀನಿ ಅಂತ ಆಸೆ ಇತ್ರಿ. ಈಗ ಖರೇ ಆತಲ್ಲ. ಖರೇ ಹೇಳಾಕ ಬ್ಯಾಡ ಅಂತ ಯಾವ ಬಾಯಿಲೆ ಅನ್ನಲಿ?”

ಭಾನುವಾರ ಬೆಳಗ್ಗೆ ಅವನು ಹೊಟ್ಟೆ ಹಿಡಿದುಕೊಂಡು ಬಂದ. ನಾನು ಓಮದ ನೀರು ಕೊಟ್ಟೆ.