ನೀರಿಲ್ಲದ ಕೊಚ್ಚಿ

ಮಹಂತೇಶ್ ಅಂಗಡಿಯವರಿಗೆ ಪ್ರವಾಸಕ್ಕಿಂತ ಪ್ರವಾಸದ ತಯಾರಿಯೇ ಇಷ್ಟ. ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ದೆಹಲಿಗೆ ಬಂದು, ಸಚಿವಾಲಯವೊಂದರಲ್ಲಿ ಗುಮಾಸ್ತರಾಗಿ ಸೇರಿ, ಈಗ ಸೆಕ್ಷನ್ ಆಫೀಸರ್ ಆಗಿದ್ದರು. ದೆಹಲಿಯ ದ್ವಾರಕಾ ಬಡಾವಣೆಯ ಅವರ ವಸತಿ ಸೊಸೈಟಿಯಲ್ಲಿ ಯಾರೇ ಹರಿದ್ವಾರಕ್ಕೆ ಹೊರಡಲಿ, ಅಮೃತಸರಕ್ಕೆ ಹೊರಡಲಿ, ಮೊದಲು ಇವರ ಬಾಗಿಲು ತಟ್ಟುವುದು ವಾಡಿಕೆ. ಯಾವ ರೈಲು, ಯಾವ ಧರ್ಮಶಾಲೆ, ಎಲ್ಲಿ ಒಳ್ಳೆಯ ಊಟ ಎಲ್ಲವನ್ನೂ ಚಹಾ ಕುಡಿಸಿ ಹೇಳಿ ಕಳಿಸುತ್ತಿದ್ದರು. ತಾವು ಮಾತ್ರ, ದೇಶದಲ್ಲಿ ಎಲ್ಲಿಗಾದರೂ ಹೋಗಿಬನ್ನಿ ಎಂದು ಸರ್ಕಾರ ಕೊಡುವ ಎಲ್‌ಟಿಸಿಯಲ್ಲಿ, ಪ್ರತಿ ಸಲವೂ ಇಂಡಿಗೇ ಹೋಗಿ ಬರುತ್ತಿದ್ದರು.

ಈ ವರ್ಷ ಹೆಂಡತಿ ಶಿವಲೀಲಾ ಹಟ ಹಿಡಿದರು. ತನಗೆ ಐವತ್ತು ತುಂಬಿತು, ಸಮುದ್ರವನ್ನು ಟಿವಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ, ಈ ಸಲ ಊರು ಬೇಡ ಎಂದರು. ಮಗಳು ಅಪೂರ್ವಾ ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದಳು. ಯಾವ ಊರು ಎಂಬ ಪ್ರಶ್ನೆಗೆ ಅವಳ ಬಳಿ ಉತ್ತರ ಸಿದ್ಧವಿತ್ತು: ಕೊಚ್ಚಿ. ಪೋರ್ಚುಗೀಸರ ಇಗರ್ಜಿ, ಡಚ್ಚರ ಹೆಸರಿನ ಅರಮನೆ, ಯಹೂದಿಗಳ ಬೀದಿ, ಕಾಳುಮೆಣಸಿನ ಹಳೆಯ ಗೋದಾಮುಗಳು, ದಡದಲ್ಲಿ ಏಳುತ್ತ ಬೀಳುತ್ತ ಇರುವ ಚೀನೀ ಬಲೆಗಳು. ಅವಳು ಫೋನಿನಲ್ಲಿ ಒಂದೊಂದೇ ಚಿತ್ರ ತೋರಿಸುತ್ತಿದ್ದರೆ ಶಿವಲೀಲಾ ಒಲೆಯ ಮೇಲಿಟ್ಟ ಹಾಲನ್ನು ಮರೆತರು.

ಮಹಂತೇಶ್ ಹುರುಪಿನಿಂದಲೇ ಕೂತರು. ಶನಿವಾರ ಭಾನುವಾರಗಳನ್ನು ನಕ್ಷೆಯ ಮುಂದೆ ಕಳೆದು, ಒಂದು ಸಂಜೆ ಇಡೀ ಪ್ರವಾಸವನ್ನು ತಾಯಿ ಮಗಳ ಮುಂದೆ ಓದಿ ಹೇಳಿದರು. ಎರ್ನಾಕುಲಂ ಸ್ಟೇಷನ್ನಿನಿಂದ ಟ್ಯಾಕ್ಸಿ, ಸೇತುವೆಗಳ ಮೇಲಿಂದ ಫೋರ್ಟ್ ಕೊಚ್ಚಿಗೆ. ಅಲ್ಲಿಂದ ಅರಮನೆಗೆ ಆಟೋ. ದ್ವೀಪಗಳಿಗೆ ಹೋಗುವಲ್ಲಿಯೂ ಸೇತುವೆ ಇರುವ ದ್ವೀಪವನ್ನೇ ಹುಡುಕಿ ಹಾಕಿದ್ದರು. ಸಮುದ್ರವನ್ನು ದಡದ ಕಲ್ಲುಹಾಸಿನ ಮೇಲೆ ನಿಂತು ನೋಡುವುದು.

"ಪಪ್ಪಾ, ಇಸ್ ಮೇಂ ಬೋಟ್ ಕಹಾಂ ಹೈ?" ಎಂದಳು ಅಪೂರ್ವಾ. "ಇದರಲ್ಲಿ ಬೋಟೇ ಇಲ್ವಲ್ಲ. ಅಲ್ಲಿ ಜನ ಆಫೀಸ್‌ಗೂ ಬೋಟ್‌ನಲ್ಲೇ ಹೋಗ್ತಾರೆ."

ಅಮ್ಮನಿಗೆ ಮೊಣಕಾಲು ನೋವು, ಹತ್ತಿ ಇಳಿಯುವುದು ಕಷ್ಟ, ಟ್ಯಾಕ್ಸಿಯೇ ಆರಾಮ ಎಂದರು ಮಹಂತೇಶ್. ಶಿವಲೀಲಾ ಒಮ್ಮೆ ತಮ್ಮ ಮೊಣಕಾಲಿನ ಕಡೆ, ಒಮ್ಮೆ ಗಂಡನ ಕಡೆ ನೋಡಿದರು.

ನಿಜ ಸಂಗತಿಯೆಂದರೆ ಮಹಂತೇಶರಿಗೆ ನೀರೆಂದರೆ ಭಯ. ಹುಡುಗರಾಗಿದ್ದಾಗ ಗೆಳೆಯರು ಈಜು ಕಲಿಸುತ್ತೇವೆಂದು ಹೊಲದ ಬಾವಿಗೆ ತಳ್ಳಿದ್ದರು. ಸೋದರಮಾವ ಧುಮುಕಿ ಎತ್ತಿ ತಂದರು. ಅಂದಿನಿಂದ ಆಳದ ನೀರು ಕಂಡರೆ ಅವರ ಅಂಗಾಲು ತಣ್ಣಗಾಗುತ್ತಿತ್ತು. ದೊಡ್ಡ ಆಳು, ನಾಲ್ಕು ಜನ ಮರ್ಯಾದೆ ಕೊಡುವ ಆಫೀಸರ್, ಇದನ್ನು ಯಾರ ಮುಂದೆ ಹೇಳುವುದು?

ಆಫೀಸಿನಲ್ಲಿ ಚಹಾದ ಹೊತ್ತಿಗೆ, ಮಲ್ಪೆ ಕಡೆಯ ಸಹೋದ್ಯೋಗಿ ಗೋಪಿನಾಥರನ್ನು ಏನೂ ಅಲ್ಲವೆಂಬಂತೆ ಕೇಳಿದರು, ಕೊಚ್ಚಿಯನ್ನು ದೋಣಿ ಹತ್ತದೆ ನೋಡಿ ಬರಬಹುದಲ್ಲವೇ ಎಂದು.

"ನೋಡಬಹುದು ಮಾರಾಯ್ರೇ," ಎಂದರು ಗೋಪಿನಾಥ, "ಮದುವೆ ಮನೆಗೆ ಹೋಗಿ ಊಟ ಮಾಡದೆ ಬರಬಹುದಲ್ಲ, ಹಾಗೆ."

ಆ ಮಾತು ಮಹಂತೇಶರಿಗೆ ಚುಚ್ಚಿತು. ಮುಂದಿನ ಶನಿವಾರ ಆಫೀಸಿನಲ್ಲಿ ತುರ್ತು ಕೆಲಸವಿದೆ ಎಂದು ಹೇಳಿ, ಮೆಟ್ರೋ ಹತ್ತಿ, ನಗರದ ನಡುವೆ ಪೆಡಲ್ ದೋಣಿಗಳಿರುವ ಒಂದು ಕೆರೆಗೆ ಹೋದರು. ಚಳಿಗಾಲದ ಎಳೆಬಿಸಿಲು. ಬಾತುಕೋಳಿಯ ಆಕಾರದ ದೋಣಿಗಳು ಸಾಲಾಗಿ ನಿಂತಿದ್ದವು. ಮೊದಲು ಇಲ್ಲಿ ಕೂತು ಅಭ್ಯಾಸ ಮಾಡಿಕೊಂಡರೆ ಕೊಚ್ಚಿಯಲ್ಲಿ ಮಾನ ಉಳಿಯುತ್ತದೆ ಎಂಬುದು ಅವರ ಲೆಕ್ಕಾಚಾರ. ಆದರೆ ಟಿಕೆಟ್ ಕೊಡುವವನು ತಲೆಯಾಡಿಸಿದ. ಒಬ್ಬರಿಗೇ ದೋಣಿ ಕೊಡುವುದಿಲ್ಲ, ಕನಿಷ್ಠ ಇಬ್ಬರಿರಬೇಕಂತೆ.

ಮಹಂತೇಶರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ತಪ್ಪು ತನ್ನದಲ್ಲ, ನಿಯಮದ್ದು. ಗೇಟಿನವರೆಗೆ ಹಗುರಾಗಿ ನಡೆದು ಬಂದರು. ಅಲ್ಲಿ ತಿರುಗಿ ನೋಡಿದರೆ, ಪೆಡಲಿಗೆ ಕಾಲೂ ಎಟುಕದ ಒಂದು ಪುಟ್ಟ ಹುಡುಗಿ ಅಜ್ಜನ ಪಕ್ಕ ಕೂತು ಚಿಪ್ಸ್ ತಿನ್ನುತ್ತ ನೀರಿನ ನಡುವೆ ತೇಲುತ್ತಿದ್ದಳು. ಅವರಿಗೆ ನಾಚಿಕೆಯಾಯಿತು. ಸ್ವಲ್ಪ ಹೊತ್ತು ಬೇಲಿ ಹಿಡಿದು ನಿಂತು, ಕೊನೆಗೆ ಮನೆಗೆ ಫೋನ್ ಮಾಡಿದರು.

"ಶಿವಲೀಲಾ, ನಾನು ಆಫೀಸಲ್ಲಿಲ್ಲ. ಕೆರೆ ಹತ್ತಿರ ಇದ್ದೀನಿ. ನನಗೆ ನೀರಂದ್ರೆ ಭಯ. ದೋಣಿ ಹತ್ತೋಕೆ ಇನ್ನೊಬ್ಬರು ಬೇಕಂತೆ."

ಆ ಕಡೆ ಕುಕ್ಕರ್ ಕೂಗಿ ನಿಂತಿತು. "ಅಚ್ಛಾ, ಅಲ್ಲೇ ಇರಿ, ಬರ್ತೀನಿ," ಎಂದರು ಶಿವಲೀಲಾ.

ಅವರು ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮಗಳ ಬೂಟು ಹಾಕಿಕೊಂಡು ಬಂದರು. ಕೈಯಲ್ಲಿ ಒಂದು ಟವೆಲ್ ಕೂಡ ಇತ್ತು. ಬಂದವರೇ, ಇದು ತಮಗೆ ಮದುವೆಯಾದ ವರ್ಷವೇ ಗೊತ್ತಿತ್ತು ಎಂದರು. ಆಲಮಟ್ಟಿ ಅಣೆಕಟ್ಟು ನೋಡಲು ಹೋದಾಗ ಗಂಡ ಹೊಟ್ಟೆನೋವೆಂದು ಬಸ್ಸಿನಲ್ಲೇ ಕೂತು, ಅಲ್ಲಿಯೇ ಎರಡು ಪ್ಲೇಟ್ ಮಿರ್ಚಿ ಭಜಿ ತಿಂದದ್ದನ್ನು ಅವರು ಮರೆತಿರಲಿಲ್ಲ.

"ಮತ್ತೆ ಇಷ್ಟು ವರ್ಷ ಯಾಕೆ ಕೇಳಲಿಲ್ಲ?"

"ನೀವಾಗೇ ಹೇಳಲಿ ಅಂತ."

ಜೀವರಕ್ಷಕ ಜಾಕೆಟ್ಟಿನ ಪಟ್ಟಿಯನ್ನು ಶಿವಲೀಲಾ ಎರಡು ಸಲ ಎಳೆದು ಬಿಗಿದರು. ದೋಣಿ ದಡ ಬಿಟ್ಟಾಗ ಮಹಂತೇಶ್ ಬಾತುಕೋಳಿಯ ಕತ್ತನ್ನು ಎರಡೂ ಕೈಯಿಂದ ಅಪ್ಪಿಕೊಂಡರು, ಕಾಲು ಆಡಲೇ ಇಲ್ಲ. ಪೆಡಲ್ ತುಳಿಯುತ್ತಿದ್ದುದು ಶಿವಲೀಲಾ ಒಬ್ಬರೇ ಆದ್ದರಿಂದ ದೋಣಿ ಇದ್ದಲ್ಲೇ ಗಾಣದ ಎತ್ತಿನಂತೆ ಸುತ್ತತೊಡಗಿತು.

"ಮೊಣಕಾಲು ನೋವು ಯಾರಿಗೆ ಅಂದಿದ್ರಿ?" ಎಂದು ಅವರು ಏದುಸಿರಿನ ನಡುವೆ ಕೇಳಿದರು.

ಮಹಂತೇಶರಿಗೆ ಭಯದ ನಡುವೆಯೇ ನಗು ಬಂತು. ನಗುವಾಗ ಕೈ ಸಡಿಲವಾಯಿತು, ಕಾಲು ತಾನಾಗಿ ಪೆಡಲ್ ಹುಡುಕಿತು. ದೋಣಿ ನೆಟ್ಟಗೆ ಹೊರಟು, ಎದುರಿನಿಂದ ಬಂದ ಇನ್ನೊಂದು ದೋಣಿಗೆ ಢಿಕ್ಕಿ ಹೊಡೆಯಿತು. ಅದರಲ್ಲಿದ್ದ ಪಂಜಾಬಿ ಅಜ್ಜಿಯೊಬ್ಬರು ಕೈಮುಗಿದು, ಬ್ರೇಕ್ ಹಾಕು ಪುತ್ತರ್, ಬ್ರೇಕ್ ಹಾಕು ಮಗನೇ ಎಂದು ನಕ್ಕರು. ಸಮಯ ಮುಗಿದು ಸೀಟಿ ಕೇಳುವಷ್ಟರಲ್ಲಿ ಮಹಂತೇಶರ ಅಂಗಿ ಜನವರಿಯಲ್ಲೂ ಬೆವರಿಗೆ ಅಂಟಿಕೊಂಡಿತ್ತು. ಭಯ ಹೋಗಿರಲಿಲ್ಲ. ಆದರೆ ಅದನ್ನು ಜೊತೆಗಿಟ್ಟುಕೊಂಡೇ ಒಂದು ಸುತ್ತು ಬಂದಾಗಿತ್ತು.

ಆ ಸಂಜೆ ಅಪೂರ್ವಾಳಿಗೆ ಎಲ್ಲ ತಿಳಿಯಿತು. ಅವಳು ನಗುತ್ತಾಳೆಂದು ಮಹಂತೇಶ್ ಕಾದರು. ಅವಳು ಬಂದು ಪಕ್ಕದಲ್ಲಿ ಒತ್ತಿಕೊಂಡು ಕೂತಳು. ಆಮೇಲೆ ತಂದೆ ಮಗಳ ನಡುವೆ ಚೌಕಾಸಿ ನಡೆಯಿತು. ಅವಳು ದಿನವೂ ದೋಣಿ ಎಂದಳು, ಇವರು ಒಂದೇ ಸಲ ಎಂದರು. ಕೊನೆಗೆ ಎರಡು ಸಲ, ಅದೂ ಹಗಲಲ್ಲಿ, ಅಪ್ಪ ನಡುವಿನ ಸೀಟಿನಲ್ಲಿ ಎಂದು ಒಪ್ಪಂದವಾಯಿತು. ನಿಜಾಮುದ್ದೀನ್ ಸ್ಟೇಷನ್ನಿನಿಂದ ಹೊರಡುವ ರೈಲಿಗೆ ಅಂದೇ ಮೂವರ ಟಿಕೆಟ್ ಬುಕ್ ಆಯಿತು.

ಹೊರಡುವ ವಾರ ಮನೆಯ ತುಂಬ ಹುರಿದ ಶೇಂಗಾದ ಪರಿಮಳ. ದಾರಿಗೆಂದು ಶಿವಲೀಲಾ ಜೋಳದ ಖಡಕ್ ರೊಟ್ಟಿ ಬಡಿಯತೊಡಗಿದ್ದರು. ರೊಟ್ಟಿಯ ಸದ್ದಿಗೆ ಪಕ್ಕದ ಮನೆಯ ಶರ್ಮಾಜಿ ಬಂದು, ನಾವೂ ಮುಂದಿನ ವರ್ಷ ದಕ್ಷಿಣಕ್ಕೆ ಹೋಗಬೇಕೆಂದಿದ್ದೇವೆ, ಎಲ್ಲಿಂದ ಶುರುಮಾಡಲಿ ಎಂದು ವಿಚಾರಿಸಿದರು. ಮಹಂತೇಶ್ ಕುರ್ಚಿ ಎಳೆದು ಕೂರಿಸಿದರು. ಮೊದಲು ಈಜು ಬರುತ್ತದೆಯೇ ಹೇಳಿ ಎಂದರು. ಒಳಗಿನಿಂದ ಶಿವಲೀಲಾ ನಕ್ಕದ್ದು ರೊಟ್ಟಿಯ ಸದ್ದನ್ನೂ ಮೀರಿ ಕೇಳಿಸಿತು.