ಗಂಡನಿಗೆ ನೆನಪಾದ ಒಡಪು

ಗೆಳತಿಯರೇ, ಇವತ್ತು ಗಂಗಾವತಿಯಲ್ಲಿ ಬಸುರಿ ನಾದಿನಿಯ ಏಳು ತಿಂಗಳ ಕುಬಸ. ಆರತಿ ಮುಗಿದದ್ದೇ ತಡ, ಹೆಂಗಸರೆಲ್ಲ ನನ್ನನ್ನು ಸುತ್ತಿಕೊಂಡರು.

"ಒಡಪು ಕಟ್ಟಿ ಗಂಡನ ಹೆಸರು ಹೇಳಿದ್ರನ ಊಟ ನೋಡು."

ಮದುವೆಯಲ್ಲಿ ನಾನು ಹೇಳಿದ್ದ ಒಡಪು ನಾಲಿಗೆಯ ತುದಿಗೆ ಬಂದು ನಿಂತಿತು, ಹೊರಗೆ ಬರಲಿಲ್ಲ. ಬಾಗಿಲಲ್ಲಿದ್ದ ನನ್ನ ಗಂಡ, ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವವರು, "ಮದುವ್ಯಾಗ ನೀ ಹೇಳಿದ್ದು ನನಗ ಪಕ್ಕಾ ನೆನಪೈತಿ" ಎಂದು ಒಪ್ಪಿಸಿಯೇ ಬಿಟ್ಟರು:

"ಇಟಗಿ ಗುಡಿಯಾಗ ಕಲ್ಲೆಲ್ಲ ಹೂವಾಗ್ಯಾವ, ಶರಣಪ್ಪನವರ ಹೆಸರಿಗೆ ಕೆನ್ನಿ ಕೆಂಪಾಗ್ಯಾವ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ ಮಗನತ್ತ ತಿರುಗಿ, "ಇದು ನಮ್ಮಣ್ಣನ ಮಗಳು ಗಿರಿಜಾ ಕಟ್ಟಿದ್ದಲ್ಲೇನೋ?" ಎಂದರು.

ಇಟಗಿಯ ಗಿರಿಜಾಳನ್ನು ಇವರಿಗೆ ಕೊಡುವ ಮಾತು ನಡೆದು ಮುರಿದದ್ದು ನನಗೆ ಗೊತ್ತಿತ್ತು. ಅದು ಒಡಪು ಕಟ್ಟುವವರೆಗೂ ಹೋಗಿತ್ತೆಂದು ಗೊತ್ತಿರಲಿಲ್ಲ.

ಬರುವಾಗ ಬೈಕಿನಲ್ಲಿ ಕೇಳಿದೆ, "ಹಂಗಾರ ನಂದು ಯಾವುದಿತ್ತು, ಹೇಳ್ರಿ ನೋಡೂಣು."

ಇವರು ಕೊಪ್ಪಳದವರೆಗೂ ಬೈಕನ್ನು ಜೋರಾಗಿ ಓಡಿಸಿದರು. ಮನೆ ಮುಂದೆ ಇಳಿದ ಮೇಲೆ ಪಾಠ ಶುರುವಾಯಿತು.

"ಮರ್ತದ್ದು ಎಲ್ಲೂ ಹೋಗಿರೂದಿಲ್ಲ. ಒಳಗ ಇರತೈತಿ. ಸುಳಿವು ಸಿಕ್ರ ಹೊರಗ ಬರತೈತಿ."

"ಗಿರಿಜಾಂದು ಹೊರಗ ಬರಾಕ ಯಾವ ಸುಳಿವು ಸಿಕ್ಕಿತ್ರಿ?"

ದಿನಾಲೂ ಮರೆಯುವ ಹಾಲು ಅವರಿಗೆ ತಟ್ಟನೆ ನೆನಪಾಯಿತು. ಅಂಗಡಿಗೆ ಹೋಗಿದ್ದಾರೆ.

ನನ್ನ ಒಡಪು ನನಗೂ ಇನ್ನೂ ನೆನಪಾಗಿಲ್ಲ. ಗಿರಿಜಾಳದು ಮಾತ್ರ ಒಮ್ಮೆ ಕೇಳಿದ್ದಕ್ಕೇ ಬಾಯಿಪಾಠವಾಗಿಬಿಟ್ಟಿದೆ.